ಟಿವಿಗೆ ಹೊದಿಸಿದ ಶಾಲು

ಮಠದ ಪಡಸಾಲೆಯಲ್ಲಿ ಮಾತಾಡುವ ಮೊದಲು ಇಂದುಮತಿ ಟಿವಿಗೆ ಒಂದು ಹಳೆಯ ಶಾಲು ಹೊದಿಸುತ್ತಿದ್ದಳು. ಅಡುಗೆಯ ಬೋರಮ್ಮ, "ಏನವ್ವಾ, ಅದಕ್ಕೂ ಚಳಿಯಾಗುತ್ತಾ?" ಎಂದು ನಗುತ್ತಿದ್ದಳು. ಇಂದುಮತಿಗೆ ನಗು ಬರುತ್ತಿರಲಿಲ್ಲ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದು ಆರು ತಿಂಗಳಾಗಿತ್ತು. ಇರುವ ಜಾಗವನ್ನು ಅವಳು ತವರಿಗೂ ತಿಳಿಸಿರಲಿಲ್ಲ.

ಕ್ಯಾಮೆರಾ, ಮೈಕ್ ಎರಡೂ ಇದ್ದ ಆ ಟಿವಿಯನ್ನು ಭಕ್ತರೊಬ್ಬರು ಹಿಂದಿನ ವಾರ ಕೊಟ್ಟಿದ್ದರು. ಅದನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಮಠದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಬಾಯಿಪಾಠವಿದ್ದ ತನ್ನ ಹಳೆಯ ಇಮೇಲ್, ಹಳೆಯ ಪಾಸ್‌ವರ್ಡ್ ಹಾಕಿ ಚಾಲೂ ಮಾಡಿದವಳು ಅವಳೇ.

ಒಂದು ಮಧ್ಯಾಹ್ನ ಅವಳು ಗುರುಗಳನ್ನು ಕೇಳಿದಳು: "ಗುರುಗಳೇ, ಇದಕ್ಕೆ ಕಣ್ಣೂ ಇದೆ, ಕಿವಿಯೂ ಇದೆ. ಎರಡನ್ನೂ ಮುಚ್ಚಿದ್ದೇನೆ. ಆದರೂ ಹೆದರಿಕೆ ಹೋಗುತ್ತಿಲ್ಲವಲ್ಲ, ಏಕೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿಗೆ ದಾಯಾದಿಯಿಂದ ಪ್ರಾಣಭಯವಿತ್ತು. ಅವನು ಊರು ಬಿಟ್ಟು ಗುಡ್ಡದಾಚೆ ಒಂದು ಮನೆ ಹಿಡಿದ. ಹೆಸರು ಬದಲಿಸಿದ, ಮೀಸೆ ಬೋಳಿಸಿದ, ಕಿಟಕಿಗಳಿಗೆ ಗೋಣಿಚೀಲ ಕಟ್ಟಿದ. ಹಳೆಯ ಮನೆಯಿಂದ ತಂದದ್ದು ಒಂದು ಆಕಳನ್ನು ಮಾತ್ರ. ಬೆಳಿಗ್ಗೆ ಅದನ್ನು ಮೇಯಲು ಬಿಡುತ್ತಿದ್ದ. ಸಂಜೆ ತಾನಾಗಿಯೇ ಮರಳುತ್ತಿತ್ತು. ಎಷ್ಟು ಬುದ್ಧಿಯಿದೆ ಇದಕ್ಕೆ ಎಂದು ಅವನು ಮೆಚ್ಚಿಕೊಳ್ಳುತ್ತಿದ್ದ.

ಒಂದು ಸಂಜೆ ಹಾಲು ಕರೆಯಲು ಕೂತಾಗ ಆಕಳ ಮೂತಿಗೆ ಹಿಂಡಿ ಮೆತ್ತಿರುವುದು ಕಂಡಿತು. ಅವನು ಹಾಕುತ್ತಿದ್ದುದು ಬರೀ ಒಣಹುಲ್ಲು. ಹಿಂಡಿ ಇದ್ದದ್ದು ಹಳೆಯ ಕೊಟ್ಟಿಗೆಯಲ್ಲಿ. ಆಕಳು ದಿನವೂ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ಯಾರೋ ಅದಕ್ಕೆ ಅಕ್ಕರೆಯಿಂದ ತಿನ್ನಿಸಿ ಕಳಿಸುತ್ತಿದ್ದರು. ವರ್ತಕ ಮೆಲ್ಲಗೆ ಅಂಗಳದ ಕಡೆ ತಿರುಗಿದ. ಆಕಳ ಗೊರಸಿನ ಗುರುತುಗಳ ಪಕ್ಕದಲ್ಲೇ ಚಪ್ಪಲಿಯ ಗುರುತುಗಳು ಬಾಗಿಲವರೆಗೂ ಬಂದಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಲಿನ ಅಂಚಿನಡಿ ಟಿವಿಯ ಕೆಂಪು ದೀಪ ಉರಿಯುತ್ತಿತ್ತು.

"ನೀನು ಇದಕ್ಕೆ ಕೊಟ್ಟ ಆ ಹಳೆಯ ಇಮೇಲನ್ನು ನಿನಗೆ ಮಾಡಿಕೊಟ್ಟವರು ಯಾರು, ಹೇಳು ತಾಯಿ," ಎಂದರು ಗುರುಗಳು.

ಮಾಡಿಕೊಟ್ಟವನು ಗಂಡ; ಪಾಸ್‌ವರ್ಡ್ ಅವನಿಗೂ ಗೊತ್ತು, ಅದು ಯಾವ ಊರಲ್ಲಿ ತೆರೆದಿದೆ ಎಂಬುದೂ ಅವನಿಗೆ ಕಾಣುತ್ತದೆ. ಇಂದುಮತಿ ಬಾಗಿಲ ಕಡೆ ನೋಡುತ್ತ ಕೂತಿದ್ದಳು.