ಪಲ್ಟಿಯಾದ ವ್ಯಾನಿಗೆ ಅಭಿಷೇಕ

ಹೊಳೆದಂಡೆಯ ಆಶ್ರಮಕ್ಕೆ ಅವತ್ತು ಗಾಡಿ ಬರುವುದಿತ್ತು. ಶಿಷ್ಯ ಕೊಟ್ರೇಶಿ ಬೆಳಗಿನ ಗಂಜಿಯನ್ನೂ ಮರೆತಿದ್ದ. ಅಷ್ಟು ಸಂಭ್ರಮ.

ಸುಮ್ಮನೆ ಬಂದ ಸಂಭ್ರಮವಲ್ಲ. ದಂಡೆಯ ಹಟ್ಟಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಜನ ಆಶ್ರಮಕ್ಕೇ ಓಡಿ ಬರುತ್ತಿದ್ದರು. ಹೋದ ಮಳೆಗಾಲದಲ್ಲಿ ರತ್ನವ್ವನನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟವನು ಕೊಟ್ರೇಶಿಯೇ. ಕೂಸು ಉಳಿಯಲಿಲ್ಲ. ಅಂದಿನಿಂದ ಅವನದು ಒಂದೇ ಜಪ: ನಮಗೊಂದು ವ್ಯಾನು ಬೇಕು.

ಕೊನೆಗೆ ಒಂದು ಸಿಕ್ಕಿತು. ಅಪಘಾತದಲ್ಲಿ ನುಜ್ಜುಗುಜ್ಜಾಗಿ, ವಿಮೆಯವರು ಗುಜರಿ ಎಂದು ಕೈಬಿಟ್ಟಿದ್ದ ವ್ಯಾನು. ಪಕೀರಪ್ಪನೆಂಬ ಮೆಕ್ಯಾನಿಕ್ ಅದನ್ನು ಕೊಂಡು, ಮತ್ತೆ ಕಟ್ಟಿ, ಬೆಳ್ಳಗೆ ಬಣ್ಣ ಹೊಡೆದಿದ್ದ. ಹೊಸ ವ್ಯಾನು ಆಶ್ರಮದ ಕೈಗೆ ಎಟುಕುವಂತಿರಲಿಲ್ಲ. ಇದು ಎಟುಕುತ್ತಿತ್ತು.

ಗುರು ನಿರಂಜನಯ್ಯನವರನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರು ಹೊಳೆಯಲ್ಲಿ ಸ್ನಾನ ಮುಗಿಸಿ ಮೇಲೆ ಬರುವಷ್ಟರಲ್ಲಿ ವ್ಯಾನು ಅಂಗಳದಲ್ಲಿ ನಿಂತಿತ್ತು. ಕೊಟ್ರೇಶಿ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣನ್ನೂ ಇಟ್ಟಾಗಿತ್ತು.

"ಅಜ್ಜಾರ, ಹೆಂಗೈತ್ರಿ ನಮ್ಮ ಗಾಡಿ!"

"ನಮ್ಮದು ಯಾವಾಗ ಆತೋ?"

ಕೊಟ್ರೇಶಿ ತಬ್ಬಿಬ್ಬಾದ. ಗಾಡಿ ತಂದು ನಿಲ್ಲಿಸಿದ್ದ ಪಕೀರಪ್ಪ ಮೀಸೆಯಲ್ಲೇ ನಕ್ಕ. "ಹೂವು ಏರಿಸಿದ ಗಾಡಿ ಹಿಂದಕ ಕಳಿಸಬಾರದ್ರಿ ಅಜ್ಜಾರ. ಅಪಶಕುನ."

"ಎಲ್ಲೆಲ್ಲಿ ಪೆಟ್ಟಾಗಿತ್ತಪಾ ಇದಕ್ಕ?"

"ಮುಂದ ಒಂಚೂರು. ಬಂಪರು, ಲೈಟು, ಅಷ್ಟರಿ."

"ಅಷ್ಟಕ್ಕ ಗುಜರಿಗೆ ಹಾಕಿದ್ರೇನು?"

ಪಕೀರಪ್ಪ ಆಕಾಶ ನೋಡಿದ.

ಗುರು ವಾದಕ್ಕೆ ಇಳಿಯಲಿಲ್ಲ. ಶಿಷ್ಯನ ಕಡೆ ತಿರುಗಿದರು. "ಅಲ್ಲೋ, ಜಳಕಾ ಮಾಡಿಸದ ದೇವರಿಗೆ ಹೂವು ಏರಿಸಿಬಿಟ್ಟಿಯಲ್ಲೋ! ಕೊಡ ತಗೊಂಡು ಬಾ. ಮೊದಲು ಅಭಿಷೇಕ ಆಗಲಿ."

ಕೊಟ್ರೇಶಿಗೆ ಅಷ್ಟೇ ಸಾಕಾಯಿತು. ಹೊಳೆಗೆ ಓಡಿದ, ತುಂಬಿಕೊಂಡು ಓಡಿ ಬಂದ, ವ್ಯಾನಿನ ನೆತ್ತಿಯ ಮೇಲೆ ಸುರಿದ. ಗುರು ಹಿಂದಿನ ಬಾಗಿಲು ತೆಗೆದು ಒಳಗೆ ಹೋಗಿ ಕೂತು, ಬಾಗಿಲು ಹಾಕಿಕೊಂಡರು.

"ಸುರುವು! ಇನ್ನೂ ಸುರುವು!"

ಕೊಡದ ಮೇಲೆ ಕೊಡ ಬಿತ್ತು. ಕೊಟ್ರೇಶಿ ಮಂತ್ರವನ್ನೂ ಶುರುಮಾಡಿದ್ದ.

"ಇನ್ನ ಒಳಗ ಬಾ."

ಒಳಗೆ ಗುರುಗಳ ಬೋಳು ತಲೆಯ ಮೇಲೆ ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು. ಹೆರಿಗೆಗೆ ಹೋಗುವ ಹೆಣ್ಣುಮಗಳು ತಲೆಯಿಟ್ಟು ಮಲಗುವ ಜಾಗ ಅದೇ.

ಕೊಟ್ರೇಶಿಯ ಮುಖ ಬಾಡಿತು. ಪಕೀರಪ್ಪ ಬಾಗಿಲ ಬಳಿ ಬಂದು ತಲೆ ತಗ್ಗಿಸಿದ.

"ಖರೇ ಹೇಳ್ತೀನ್ರಿ. ಗಾಡಿ ಪಲ್ಟಿ ಆಗಿತ್ರಿ. ಮ್ಯಾಲಿನ ಟಾಪ್ ಪೂರಾ ಕತ್ತರಿಸಿ ಬ್ಯಾರೇದು ಕೂಡಿಸೀನಿ. ಹೇಳಿದ್ರ ಯಾರೂ ತಗೊಳ್ಳೂದಿಲ್ಲ ಅಂತ ಅಂಜಿಕಿ ಆತ್ರಿ."

"ಸುಳ್ಳುಗಾರ! ಇಂಥಾದ್ರಾಗ ಬಸುರಿ ಮಲಗಬೇಕೇನು? ಒಯ್ಯಿ ನಿನ್ನ ಗಾಡಿ!" ಕೊಟ್ರೇಶಿ ಸಿಟ್ಟಿನಿಂದ ಮಾಲೆ ಕಿತ್ತುಹಾಕಿದ. ಅಳುವೂ ಬಂದಿತ್ತು.

"ಸುಳ್ಳು ಹೇಳಿದವ ಪಕೀರಪ್ಪ," ಅಂದರು ಗುರು. "ಗಾಡಿ ಇನ್ನೂ ಬಾಯಿ ಬಿಟ್ಟಿಲ್ಲ. ಅದನ್ನೂ ಒಂದು ಮಾತು ಕೇಳೂಣು."

"ಹೆಂಗ ಕೇಳೂದ್ರಿ?"

"ಪಕೀರಪ್ಪಾ, ಹೊಳಿ ಹಸಿ ಉಸುಕಿನ ಮ್ಯಾಲೆ ನೆಟ್ಟಗ ಹೊಡಕೊಂಡು ಹೋಗು."

ವ್ಯಾನು ಹೋಯಿತು. ಉಸುಕಿನ ಮೇಲೆ ಗಾಲಿಯ ಗುರುತು ಬಿತ್ತು. ಗುರು ಬಗ್ಗಿ ತೋರಿಸಿದರು.

"ಮುಂದಿನ ಗಾಲಿ ಹೋದ ದಾರ್ಯಾಗ ಹಿಂದಿನ ಗಾಲಿ ಬಂದಾವೇನು ನೋಡು. ಬೆನ್ನು ಸೊಟ್ಟಾದ ಗಾಡಿ ಓರೆ ನಡೀತೈತಿ. ಎರಡು ಗೆರಿ ಇರೂ ಕಡೆ ನಾಕು ಬೀಳ್ತಾವು."

ಕೊಟ್ರೇಶಿ ಮೊಣಕಾಲೂರಿ ಗುರುತಿನ ಉದ್ದಕ್ಕೂ ತೆವಳಿದ. ಉಸಿರು ಬಿಗಿಹಿಡಿದು ನೋಡಿದ. ಕೊನೆ ಮುಟ್ಟಿದವನು ಜಿಗಿದೆದ್ದ.

"ಎರಡ ಅದಾವ್ರಿ ಅಜ್ಜಾರ! ಕಡೀತನಾ ಎರಡೇ ಗೆರಿ!"

ಪಕೀರಪ್ಪನಿಗೂ ಜೀವ ಬಂದಂತಾಯಿತು. ಗುರು ಹೇಳುವ ಮೊದಲೇ ವ್ಯಾನಿನ ನೆತ್ತಿಗೆ ಒಳಗಿನಿಂದ ಹೊದಿಸಿದ್ದ ಬಟ್ಟೆ ಬಿಚ್ಚಿ, ಕೂಡಿಸಿದ ಜಾಗವನ್ನೆಲ್ಲ ತೋರಿಸಿದ. ಗಾಡಿಯ ಕೆಳಗೆ ಚಾಪೆ ಹಾಸಿ ಕೊಟ್ರೇಶಿಯನ್ನು ಜೊತೆಗೆ ಮಲಗಿಸಿಕೊಂಡು ಗಾಡಿಯ ಬೆನ್ನೆಲುಬಾದ ಚಾಸಿಯನ್ನೂ ತೋರಿಸಿದ. ಬೆಸುಗೆ ಗಟ್ಟಿಯಿತ್ತು. ನೆತ್ತಿಯಲ್ಲಿ ಒಂದು ಕಡೆ ಮಾತ್ರ ಸಂದು ಮುಚ್ಚುವ ಅಂಟು ಬಿಟ್ಟುಹೋಗಿತ್ತು. ಪಕೀರಪ್ಪ ಅದನ್ನು ಅಲ್ಲೇ ತುಂಬಿದ. ಒಣಗಿದ ಮೇಲೆ ಮತ್ತೆ ಅಭಿಷೇಕವಾಯಿತು. ಈ ಸಲ ಗುರುಗಳ ತಲೆ ಒಣಗಿಯೇ ಇತ್ತು.

"ತಗೊಳ್ಳೂಣು," ಅಂದರು ಗುರು.

ಕೊಟ್ರೇಶಿ ಕುಣಿದುಬಿಟ್ಟ. ಒಂದೇ ನೆಗೆತಕ್ಕೆ ಸ್ಟೇರಿಂಗ್ ಹಿಡಿದು ಕೂತ. "ಆಸ್ಪತ್ರೆತನಾ ಒಂದು ಸುತ್ತು ಹೋಗಿ ಬರೂಣ್ರಿ ಅಜ್ಜಾರ! ಮುಂದ ಬಂದು ಕೂಡ್ರಿ."

ಗುರು ಮುಂದೆ ಬರಲಿಲ್ಲ. ಹಿಂದೆ ಹತ್ತಿ ಅಂಗಾತ ಮಲಗಿದರು. "ನಡಿ. ಇಲ್ಲಿ ಮಲಗೂ ಹೆಣ್ಮಗಳ ಕಥಿ ಇಲ್ಲೇ ತಿಳೀಬೇಕು."

ವ್ಯಾನು ಗಾಳಿಯಂತೆ ಹಾರಿತು. ಕೊಟ್ರೇಶಿ ಹಾರನ್ ಹೊಡೆದ, ಹಾಡು ಹೇಳಿದ, ಎಮ್ಮೆಗಳಿಗೂ ಕೈ ಬೀಸಿದ. ತಗ್ಗೊಂದರಲ್ಲಿ ಗಾಡಿ ಧಡ್ ಅಂತ ಕುಪ್ಪಳಿಸಿದಾಗ ಹಿಂದೆ ಗುರುಗಳ ತಲೆ ಎಲ್ಲಿಗೋ ಬಡಿದ ಸದ್ದು ಕೇಳಿಸಿತು.

ಅವನಿಗೆ ಒಮ್ಮೆಲೇ ಅಳುಕು ಹುಟ್ಟಿತು.

"ಅಜ್ಜಾರ, ಎಷ್ಟಾದ್ರೂ ಒಮ್ಮೆ ಪಲ್ಟಿ ಆದ ಗಾಡಿ. ನಂಬಬಹುದೇನ್ರಿ?"

ಗುರು ತಲೆ ಸವರಿಕೊಳ್ಳುತ್ತ ಹೇಳಿದರು:

"ಗಾಡಿ ಬಿದ್ದು ಎದ್ದೈತಿ, ಅದನ್ನ ನೋಡಿದ್ವಿ. ನೀ ಇನ್ನೂ ಬಿದ್ದಿಲ್ಲ. ಸಾವಕಾಶ ಹೊಡಿ."