ಹೆಸರು ಕೇಳದ ಬಾವಿ

ಯೊರ್ದನ್ ಹೊಳೆಯ ಮೂಡಲಿಗೆ, ಗಿಲ್ಯಾದಿನ ಗುಡ್ಡಗಳು ಇಳಿದು ಬಯಲಾಗುವ ಕಡೆ ಒಂದು ಬಾವಿಯಿದೆ. ಹಗ್ಗ ಉಜ್ಜಿ ಉಜ್ಜಿ ಅದರ ಕಟ್ಟೆಯ ಕಲ್ಲಿನಲ್ಲಿ ಬೆರಳು ಹುದುಗುವಷ್ಟು ಆಳದ ಗೀರುಗಳು ಬಿದ್ದಿವೆ. ಪಕ್ಕದಲ್ಲಿ ಕಾಲು ತೊಳೆಯಲೆಂದು ಕೊರೆದ ಕಲ್ಲಿನ ಬಾನಿ, ಎದುರಿಗೆ ಕೂರಲು ಒಂದು ಚಪ್ಪಟೆ ಬಂಡೆ. ಸುತ್ತಲಿನವರು ಇದನ್ನು 'ಹೆಸರು ಕೇಳದ ಬಾವಿ' ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು ಭಕ್ತಿಯಿಂದಲ್ಲ, ಒಬ್ಬ ಹೆಂಗಸಿನ ಸಿಟ್ಟಿನಿಂದ.

ಹಿಂದೆ ಒಮ್ಮೆ, ಇಸ್ರಾಯೇಲ್ಯರಿಗೆ ಇನ್ನೂ ಅರಸರಿಲ್ಲದ ಕಾಲದಲ್ಲಿ, ಈ ಬಯಲಿನಲ್ಲಿ ಶೋಬಾಲನೆಂಬ ಕುಲಮುಖ್ಯನ ಗುಡಾರವಿತ್ತಂತೆ. ಸುಡುಬಿಸಿಲಲ್ಲಿ ಬಂದ ಅಪರಿಚಿತರನ್ನು ಹೆಸರು ಕೂಡ ಕೇಳದೆ ಓಡಿಹೋಗಿ ಬರಮಾಡಿಕೊಂಡ ಮೂಲಪಿತೃವಿನ ವಂಶ ತನ್ನದೆಂದು ಅವನು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ. ಕುಲದ ಕಟ್ಟಳೆಯೂ ಅದೇ: ಬಂದವರ ಕಾಲಿಗೆ ನೀರು, ಹೊಟ್ಟೆಗೆ ರೊಟ್ಟಿ, ಹೆಸರು ಆಮೇಲೆ. ಶೋಬಾಲನೂ ಓಡುತ್ತಿದ್ದ, ಸುಳ್ಳಲ್ಲ. ಆದರೆ ಬರುವವರ ಹಿಂದೆ ಎಷ್ಟು ಒಂಟೆಗಳಿವೆ ಎಂದು ನೋಡಿಕೊಂಡು ಓಡುತ್ತಿದ್ದ.

ಅವನ ಅಕ್ಕ ಹೆಲಾ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಿ ಮರಳುಗಾಡಿನಾಚೆ ಹೋದವಳು ಗಂಡನನ್ನು ಕಳೆದುಕೊಂಡು, ತಲೆ ನೆರೆತು, ತಮ್ಮನ ಗುಡಾರವೊಂದೇ ಗತಿಯೆಂದು ನಡೆದು ಬಂದಳು. ಅಂದು ಅಲ್ಲಿ ಕೊಬ್ಬಿದ ಕರು ಬೇಯುತ್ತಿತ್ತು. ಗಂಧದ್ರವ್ಯದ ವ್ಯಾಪಾರಿಗಳು ಬರುವವರಿದ್ದರು. ಬಾಗಿಲಲ್ಲಿ ಕೂತಿದ್ದ ಶೋಬಾಲ ಮೇಲೇಳಲಿಲ್ಲ. ಧೂಳು ಮೆತ್ತಿದ ಕಾಲನ್ನು ನೋಡಿ, ಮುಖ ನೋಡದೆ ಕೇಳಿದ: "ಯಾರಮ್ಮ ನೀನು? ಯಾರ ಮನೆಯವಳು? ಅದನ್ನು ಮೊದಲು ಹೇಳು."

ಒಂದು ಮಾತು ಸಾಕಿತ್ತು. ಹೆಲಾ ಎಂದಿದ್ದರೆ ಅವನು ಕೊರಳಿಗೆ ಬಿದ್ದು ಅಳುತ್ತಿದ್ದ, ಕರುವಿನ ಮೊದಲ ತುಂಡು ಅವಳಿಗೇ ಬರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನಾದರೆ ನೀರು, ಅಲ್ಲದಿದ್ದರೆ ಬಿಸಿಲು! ಇಂಥ ಬಾಗಿಲನ್ನು ದಾಟಲು ತಾನು ಇಷ್ಟು ದೂರ ನಡೆದೆನೆ? ಇವನಿಗೆ ತುತ್ತು ಕೊಟ್ಟು ಬೆಳೆಸಿದ್ದು ಇದಕ್ಕೇನೆ? ಉತ್ತರ ಕೊಡದೆ ಬೆನ್ನು ತಿರುಗಿಸಿ, ಬಯಲಿನ ತುದಿಯಲ್ಲಿ ಕುರಿಗಾಹಿಗಳಷ್ಟೇ ಬಳಸುತ್ತಿದ್ದ ಈ ಬಾವಿಗೆ ಬಂದು, ಇಲ್ಲೇ ಉಳಿದಳು. ಕುರಿಗಾಹಿಗಳು ಕೊಟ್ಟ ಹಿಟ್ಟಿನಲ್ಲಿ ಕೆಂಡದ ಮೇಲೆ ರೊಟ್ಟಿ ಸುಟ್ಟಳು, ಹೋಗುವವರ ಬರುವವರ ಕಾಲಿಗೆ ನೀರು ಸೇದಿದಳು. ಯಾರ ಹೆಸರನ್ನೂ ಕೇಳಲಿಲ್ಲ.

ಸುದ್ದಿ ಹಬ್ಬಿತು. ವ್ಯಾಪಾರಿಗಳೂ ಶೋಬಾಲನ ಗುಡಾರ ಬಿಟ್ಟು ಬಾವಿಯ ಬಳಿ ಇಳಿಯತೊಡಗಿದರು. ಅವರಲ್ಲಿ ಅವಳ ಗಂಡನ ಕಡೆಯವನೊಬ್ಬ ಗುರುತು ಹಿಡಿದು ಶೋಬಾಲನಿಗೆ ತಿಳಿಸಿದ. ಅವನು ಬರಿಗಾಲಲ್ಲಿ ಓಡಿಬಂದ. ಈ ಸಲ ಒಂಟೆ ನೋಡಲಿಲ್ಲ. ಹೆಲಾ ಅವನನ್ನು ಬಂಡೆಯ ಮೇಲೆ ಕೂರಿಸಿ, ಬಾಗಿ ಕಾಲು ತೊಳೆದಳು. ಮಗುವಾಗಿದ್ದಾಗ ತೊಳೆದಂತೆಯೇ ಬೆರಳ ಸಂದಿಯನ್ನೂ ಬಿಡದೆ ತೊಳೆದಳು. ರೊಟ್ಟಿ ಮುಂದಿಟ್ಟಳು.

"ಅಕ್ಕಾ, ನಾನು ಶೋಬಾಲ," ಎಂದ ಅವನು.

"ಇಲ್ಲಿ ಹೆಸರು ಕೇಳುವುದಿಲ್ಲ," ಎಂದಳು ಹೆಲಾ. "ದಾರಿ ನಡೆದು ಬಂದಿದ್ದೀರಿ. ಉಣ್ಣಿ."

ಅವಳು ಮುಂದಿನವರಿಗೆ ನೀರು ಸೇದಲು ಎದ್ದುಹೋದಳು.

ಶೋಬಾಲನ ಗುಡಾರ ಎಲ್ಲಿತ್ತೆಂದು ಈಗ ತೋರಿಸಬಲ್ಲವರು ಯಾರೂ ಇಲ್ಲ. ಬಾನಿ ಮಾತ್ರ ಇಂದಿಗೂ ತುಂಬಿರುತ್ತದೆ. ದೂರದಿಂದ ಬಂದವರು ತಾವು ಇಂಥವರೆಂದು ಹೇಳಿಕೊಳ್ಳಲು ಬಾಯಿ ತೆರೆದರೆ, ಕೊಡ ಹಿಡಿದ ಹೆಂಗಸರು ತಲೆಯೆತ್ತುವುದಿಲ್ಲ. ಮೊದಲು ಕಾಲು ಚಾಚಿ ಎನ್ನುತ್ತಾರೆ.