ಬಲಹುರಿ, ಎಡಹುರಿ

ಏಳು ಕಡಲಿನಾಚೆ, ಮೋಡಕ್ಕೆ ತಲೆ ತಾಗುವ ಬೆಟ್ಟಗಳ ಸೀಮೆ. ಅಲ್ಲೊಬ್ಬ ಇಂಕಾ ರಾಜ ಇದ್ದನಂತೆ. ಅವನಿಗೆ ದಾರಿ ಮಾಡಿಸುವ ಹುಚ್ಚು. ಬೆಟ್ಟ ಎದುರಾದರೆ ಮೆಟ್ಟಿಲು ಕಡಿಸಿದ. ಕೆಸರು ಬಂದರೆ ಕಲ್ಲು ಹಾಸಿಸಿದ. ದಾರಿ ಬಂತು, ಬಂತು, ಒಂದು ಕಂದರದ ಬಾಯಲ್ಲಿ ನಿಂತಿತು. ಕೆಳಗೆ ಹೊಳೆ. ಬಿದ್ದವನು ಎದ್ದಿಲ್ಲ.

ಈಚೆ ದಡದ ಊರಿಗೆ ಚಂಪಿ ಗೌಡ. ಆಚೆ ದಡದ ಊರಿಗೆ ಸಿಂಚಿ ಗೌಡ. ಸಿಂಚಿಯ ತಂಗಿ ಕುಸಿ, ಚಂಪಿಯ ಹೆಂಡತಿ. ಕುಸಿ ಅಂದರೆ ಅವರ ಮಾತಿನಲ್ಲಿ ಸಂತೋಷ. ನಗಬೇಡಿ. ಏಳು ದಿನ ಬೆಟ್ಟ ಸುತ್ತಿ ಗಂಡನ ಮನೆಗೆ ಬಂದವಳು.

ರಾಜ ಹೇಳಿ ಕಳಿಸಿದನಂತೆ: "ಏಳನೆಯ ದಿನ ಬರುತ್ತೇನೆ. ಹುಲ್ಲುಹಗ್ಗದ ಸೇತುವೆ ಇರಬೇಕು. ಇಲ್ಲದಿದ್ದರೆ ಗೌಡರಿಬ್ಬರೂ ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಬೇಕು."

ರಾಜ ಮೂರು ಆಳಿನ ತೂಕ. ಗೌಡರಿಬ್ಬರಿಗೂ ಊಟ ಸೇರಲಿಲ್ಲ.

ಹುಲ್ಲು ಕೊಯ್ದರು. ಹಗ್ಗ ಹೊಸೆದರು. ಈಚೆಯವರು ಬಲಕ್ಕೆ ಹೊಸೆಯುವವರು, ಆಚೆಯವರು ಎಡಕ್ಕೆ.

"ಎಡಹುರಿಯೂ ಒಂದು ಹುರಿಯಾ, ಭಾವ?" ಅಂತ ಚಂಪಿ ಈ ದಡದಿಂದ ಕೂಗಿದ.

"ನಿನ್ನ ಹುರಿಗೆ ಕುರಿ ಕಟ್ಟಿದರೆ ಕುರಿಯೂ ನಗುತ್ತೆ, ಭಾವ," ಅಂತ ಸಿಂಚಿ ಆ ದಡದಿಂದ ಕೂಗಿದ.

ದಾರಕ್ಕೆ ಕಲ್ಲು ಕಟ್ಟಿ ಎಸೆದರು. ದಾರದ ಹಿಂದೆ ಹಗ್ಗ ಎಳೆದರು. ಮೊದಲು ಬರೀ ಬಲಹುರಿಯ ಸೇತುವೆ. ಚಂಪಿ ಕಾಲಿಟ್ಟ. ಭಾರ ಬಿದ್ದದ್ದೇ ಹುರಿ ಬಿಚ್ಚಿಕೊಂಡಿತು, ಸೇತುವೆ ಮಗುಚಿತು. ಚಂಪಿ ಹಗ್ಗಕ್ಕೇ ಜೋತುಬಿದ್ದು ಕಡಗೋಲಿನಂತೆ ಏಳು ಸುತ್ತು ತಿರುಗಿದ. ದಡಕ್ಕೆ ಎಳೆದು ಹಾಕಿದರು. ಕಣ್ಣು ಬಿಟ್ಟು ಹೆಂಡತಿಗೇ, "ತಾವು ಯಾರ ಮನೆಯವರು ತಾಯಿ?" ಅಂದನಂತೆ.

ಆಮೇಲೆ ಬರೀ ಎಡಹುರಿ. ಸಿಂಚಿ ಕಾಲಿಟ್ಟ. ಅವನದೂ ಏಳು ಸುತ್ತು, ಆದರೆ ಎದುರು ದಿಕ್ಕಿಗೆ. ಅವನು ಒಂದು ಬಂಡೆಗೆ ಕೈಮುಗಿದು "ಚೆನ್ನಾಗಿದ್ದೀಯಾ ಭಾವ?" ಅಂದನಂತೆ.

ಆರು ದಿನ ಹೀಗೇ ಹೋಯಿತು.

ಕುಸಿ ದಡಕ್ಕೆ ಬಂದು ಎರಡೂ ಊರಿಗೆ ಕೇಳುವಂತೆ ಕೂಗಿದಳು. "ಒಂದು ಬಲಹುರಿ, ಪಕ್ಕಕ್ಕೊಂದು ಎಡಹುರಿ. ಜೋಡಿಸಿ ಬಿಗಿಯಿರಿ. ಸೇತುವೆಯುದ್ದಕ್ಕೂ ಹೀಗೇ."

"ಎರಡೂ ಜಗಳ ಆಡುತ್ತವಲ್ಲೇ," ಅಂದ ಚಂಪಿ.

"ಆಡಲಿ. ಇದು ಈ ಕಡೆ ತಿರುಗಿಸಿದರೆ ಅದು ಆ ಕಡೆ ತಿರುಗಿಸುತ್ತೆ. ಕೊನೆಗೆ ಎತ್ತಲೂ ತಿರುಗಲ್ಲ. ನಮ್ಮ ಸಂಸಾರ ಹೇಗೆ ನಿಂತಿದೆ ಅಂದುಕೊಂಡಿರಿ?"

ಕಟ್ಟಿದರು. ರಾಜ ಬಂದ. ಸೇತುವೆಯನ್ನು ಒಂದು ಕಾಲಿನಿಂದ ಒತ್ತಿ ನೋಡಿದ. "ಇದು ಯಾವುದರ ಮೇಲೆ ನಿಂತಿದೆ?"

"ಎರಡು ದಡದ ಜಗಳದ ಮೇಲೆ, ಬುದ್ಧಿ," ಅಂದಳು ಕುಸಿ.

ರಾಜ ಹೊರಟ. ನಡುವಿಗೆ ಬಂದ. ಸೇತುವೆ ಜೋಲಿ ಹೊಡೆಯಿತು, ಮಗುಚಲಿಲ್ಲ. ಚಂಪಿಯ ಕಣ್ಣಲ್ಲಿ ನೀರು ಬಂತು.

"ನಿನ್ನ ಎಡಹುರಿಯೂ ಒಳ್ಳೆಯದೇ, ಭಾವ!"

"ನಿನ್ನ ಬಲಹುರಿ ಚಿನ್ನ, ಭಾವ!" ಅಂದ ಸಿಂಚಿ.

ರಾಜ ಹಗ್ಗ ತಬ್ಬಿಕೊಂಡು ಕಿರುಚಿದನಂತೆ: "ಅಯ್ಯೋ! ರಾಜಿ ಆಗಬೇಡ್ರೋ! ಬೈದಾಡ್ರೋ! ನಾನಿನ್ನೂ ನಡುವೆ ಇದ್ದೀನಿ!"

ಬೈದಾಡಿದರು. ರಾಜ ಓಡಿ ದಡ ಸೇರಿದ. ಸೇರಿದವನೇ ಆಜ್ಞೆ ಹೊರಡಿಸಿದ: ಈ ಎರಡು ಊರು ಎಂದಿಗೂ ರಾಜಿ ಆಗಕೂಡದು.

ಇವತ್ತಿಗೂ ಅವರು ಬೆಳಿಗ್ಗೆ ಎದ್ದು, ಮುಖ ತೊಳೆದು, ಎರಡು ದಡದಲ್ಲಿ ನಿಂತು ಬೈದಾಡುತ್ತಾರಂತೆ. ಆಮೇಲೆ ಸೇತುವೆ ದಾಟಿ ಒಬ್ಬರ ಮನೆಯಲ್ಲೊಬ್ಬರು ಉಣ್ಣುತ್ತಾರಂತೆ.

ಅವರ ಜಗಳ ಅವರಿಗೆ ಗಟ್ಟಿ, ನಮ್ಮ ಕತೆ ನಮಗೆ ಗಟ್ಟಿ. ಏಳಿ ಮೇಲೆ.